ತೆರೆ ಒಡೆದಾಗ ನೀಲಿ ಬೆಳಕು ಎಲ್ಲಿಂದ ಬರ್ತದೆ?

ಪ್ರಶ್ನೆ: ಡಿಸೆಂಬರಲ್ಲಿ ಒಂದು ರಾತ್ರಿ ಪಡುಕೆರೆ ಬೀಚಿಗೆ ಹೋಗಿದ್ದೆವು ಸರ್, ತೆರೆ ಒಡೆಯುವಾಗೆಲ್ಲ ನೀಲಿ ಬೆಳಕು, ಒದ್ದೆ ಮರಳಲ್ಲಿ ಕಾಲಿಟ್ಟರೂ ಮಿನುಗ್ತಿತ್ತು. ಫ್ಯಾಕ್ಟರಿ ಕೆಮಿಕಲ್ ಇರ್ಬೇಕು ಅಂತಾರೆ ಅಪ್ಪ. ಮುಟ್ಟಿದ್ರೆ ಎಂತಾದ್ರೂ ಆಗ್ತದಾ? ಮೀನು ತಿನ್ಬಹುದಾ? – ಓದುಗರು, ಮಲ್ಪೆ

ಉತ್ತರ: ಕೆಮಿಕಲ್ ಸುರಿದದ್ದರಿಂದ ಬಂದ ಬೆಳಕಲ್ಲ ಅದು, ಜೀವಿಯದ್ದೇ ಬೆಳಕು. ನಮ್ಮ ಕರಾವಳಿಯಲ್ಲಿ ಹೀಗೆ ಕಾಣುವುದು ಹೆಚ್ಚಾಗಿ ನಾಕ್ಟಿಲೂಕಾ ಎಂಬ ಒಂದೇ ಕೋಶದ ಜೀವಿಯಿಂದ. ಒಂದೇ ಕೋಶ ಆದ್ರೂ ದೊಡ್ಡದು ಒಂದು ಮಿಲಿಮೀಟರಿಗೂ ಹೆಚ್ಚು ಬೆಳೀತದೆ, ಅಂದ್ರೆ ರವೆ ಕಾಳಿನಷ್ಟು, ಗಾಜಿನ ಲೋಟದಲ್ಲಿ ನೀರು ತುಂಬಿ ನೋಡಿದ್ರೆ ಬರಿಗಣ್ಣಿಗೇ ಕಾಣ್ತದೆ.

ಸುಮ್ಮನೆ ತೇಲುವಾಗ ಇದು ಬೆಳಗುವುದಿಲ್ಲ. ತೆರೆ ಬಡಿದು, ಇಲ್ಲ ನಿಮ್ಮ ಕಾಲು ತಾಗಿ ಕೋಶದ ಪೊರೆ ಸ್ವಲ್ಪ ಬಾಗಿದ್ರೂ ಸಾಕು, ಒಂದು ವಿದ್ಯುತ್ ಸಿಗ್ನಲ್ ಕೋಶದ ತುಂಬ ಓಡ್ತದೆ, ಬೆಳಕಿನ ಸಾಮಾನು ಇಟ್ಟಿರುವ ಸಣ್ಣ ಸಣ್ಣ ಚೀಲಗಳ ಒಳಗೆ ಆಮ್ಲತೆ ಏರ್ತದೆ, ಕೂಡ್ಲೇ ಲೂಸಿಫೆರೇಸ್ ಎಂಬ ಕಿಣ್ವ ಎಚ್ಚರಾಗಿ ಲೂಸಿಫೆರಿನ್ ಎಂಬ ಬೆಳಕು ಕೊಡುವ ವಸ್ತುವಿನ ಜೊತೆ ಆಕ್ಸಿಜನ್ ಸೇರಿಸಿ ಬೆಳಕು ಹೊರಡಿಸ್ತದೆ. ಇಷ್ಟೆಲ್ಲ ಮುಗಿಯುವುದು ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ! ಬಿಸಿ ಅಂತೂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತನ್ನನ್ನು ತಿನ್ನಲು ಬರುವ ಸಣ್ಣ ಜೀವಿಗಳನ್ನು ಬೆದರಿಸಲಿಕ್ಕೆ ಈ ಮಿಂಚು ಅಂತ ವಿಜ್ಞಾನಿಗಳ ಲೆಕ್ಕ.

ಹಾಗಂತ ಅಪ್ಪನ ಸಂಶಯ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ನೀರಲ್ಲಿ ಪೋಷಕಾಂಶ ಜಾಸ್ತಿಯಾದ್ರೆ ಪಾಚಿಯಂಥವು ಬೆಳೀತವೆ, ಅದನ್ನು ತಿಂದು ನಾಕ್ಟಿಲೂಕಾ ಹೆಚ್ತದೆ. ಕಡಲಿನ ಅಡಿಯ ನೀರು ಮೇಲೆ ಬಂದು ಕಲಸಿದಾಗ ಪೋಷಕಾಂಶ ತಾನಾಗೇ ಸಿಗ್ತದೆ, ಆದ್ರೆ ಊರಿನ ಕೊಳಚೆ, ಗದ್ದೆಯ ಗೊಬ್ಬರ ಹೊಳೆಯಲ್ಲಿ ಹರಿದು ಬಂದ್ರೂ ಅದೇ ಕೆಲಸ ಆಗ್ತದೆ.

ಮುಟ್ಟಿದ್ದಕ್ಕೆ ಹೆದರ್ಬೇಡಿ. ಚರ್ಮ ಸೂಕ್ಷ್ಮ ಇದ್ದವರಿಗೆ ತುರಿಕೆ ಆಗ್ಬಹುದು, ಸಿಹಿನೀರಲ್ಲಿ ತೊಳ್ಕೊಳ್ಳಿ. ಇದು ವಿಷ ತಯಾರಿಸುವ ಜಾತಿ ಅಲ್ಲ, ಆದ್ರೆ ಮೈಯಲ್ಲಿ ಅಮೋನಿಯಾ ತುಂಬಿಕೊಳ್ತದೆ, ದಟ್ಟವಾಗಿ ಬೆಳೆದು ಸತ್ತು ಕೊಳೆತಾಗ ನೀರಲ್ಲಿ ಆಕ್ಸಿಜನ್ನೂ ಇಳೀತದೆ, ಅಲ್ಲಿ ಮೀನು ಸಾಯ್ಬಹುದು. ಬೋಟಿನಿಂದ ಇಳಿದ ತಾಜಾ ಬಂಗುಡೆ ಬೂತಾಯಿ ಆರಾಮಾಗಿ ತಿನ್ನಿ, ದಡಕ್ಕೆ ಸತ್ತು ಬಿದ್ದ ಮೀನು ಮಾತ್ರ ಹೆಕ್ಕಿ ತರ್ಬೇಡಿ.

ನನಗೆ ತುಂಬ ಖುಷಿ ಕೊಡುವ ವಿಷಯ ಇನ್ನೊಂದುಂಟು. ಮಿಂಚುಹುಳದ ಲೂಸಿಫೆರೇಸ್ ಈಗ ಆಹಾರ ಫ್ಯಾಕ್ಟರಿಗಳಲ್ಲಿ ಸ್ವಚ್ಛತೆ ಅಳೆಯುವ ಸಾಧನ, ಮೇಜು ಒರೆಸಿದ ಹತ್ತಿಗೆ ಆ ಕಿಣ್ವ ತಾಗಿಸಿ ಬೆಳಕು ಎಷ್ಟು ಬಂತು ನೋಡಿದ್ರೆ ಜೀವಕೋಶದ ಕೊಳೆ ಎಷ್ಟು ಉಳಿದಿದೆ ಅಂತ ಗೊತ್ತಾಗ್ತದೆ. ಬೆಳಗುವ ಅಣಬೆಯ ಜೀನ್ ಹಾಕಿದ ಪೆಟೂನಿಯಾ ಹೂಗಿಡ ಅಮೆರಿಕದಲ್ಲಿ 2024ರಿಂದ ಮಾರಾಟಕ್ಕೂ ಬಂದಿದೆ, ರಾತ್ರಿ ತಾನಾಗೇ ಹಸಿರಾಗಿ ಹೊಳೀತದೆ.

ಮುಂದಿನ ಸಲ ಹೋಗುವುದಾದ್ರೆ ಅಮಾವಾಸ್ಯೆ ಹತ್ತಿರ ಹೋಗಿ, ಟಾರ್ಚ್ ಆಫ್ ಮಾಡಿ ಕಾಲು ಗಂಟೆ ಕಾಯಿರಿ, ಕಣ್ಣು ಕತ್ತಲೆಗೆ ಹೊಂದಲಿ. ಫೋನಿನ ನೈಟ್ ಮೋಡ್ ಕೆಲವು ಸೆಕೆಂಡಿನ ಬೆಳಕನ್ನು ಒಟ್ಟು ಮಾಡ್ತದೆ, ಹಾಗಾಗಿ ಫೋಟೋದಲ್ಲಿ ಕಂಡಷ್ಟು ನೀಲಿ ಕಣ್ಣಿಗೆ ಕಾಣ್ಲಿಕ್ಕಿಲ್ಲ.