ರಾತ್ರಿ ಎರಡರವರೆಗೆ ಅಡುಗೆ ವಿಡಿಯೋ ನೋಡುತ್ತೇನೆ, ನನಗೇನಾಗಿದೆ?

ಪ್ರಶ್ನೆ: ಮೇಡಂ, ನಾನು ಧಾರವಾಡದಲ್ಲಿ ಎಂ.ಎ. ಮೊದಲ ವರ್ಷ ಓದುತ್ತಿದ್ದೇನೆ. ನಮ್ಮದು ರೋಣ ತಾಲ್ಲೂಕಿನ ಹಳ್ಳಿ, ಮಳೆ ನಂಬಿದ ಹೊಲ. ಹಾಸ್ಟೆಲ್ ಸೀಟು ಸಿಗಲಿಲ್ಲ. ಸಪ್ತಾಪುರದಲ್ಲಿ ಇಬ್ಬರು ಸೇರಿ ರೂಮ್ ಮಾಡಿದ್ದೇವೆ. ಬಾಡಿಗೆ ಕೊಟ್ಟ ಮೇಲೆ ಖಾನಾವಳಿಗೆ ಒಂದು ಹೊತ್ತಿನ ದುಡ್ಡಷ್ಟೇ ಉಳಿಯುತ್ತದೆ. ಬೆಳಿಗ್ಗೆ ಚಹಾ, ರಾತ್ರಿ ಚುರುಮುರಿ. ಹೀಗೆ ನಾಲ್ಕು ತಿಂಗಳಾಯಿತು. ಓದಿದ್ದು ತಲೆಗೆ ಹತ್ತುವುದಿಲ್ಲ. ಸಣ್ಣ ಮಾತಿಗೂ ಸಿಟ್ಟು, ಆಮೇಲೆ ಅಳು. ರೂಮಿನ ಗೆಳೆಯ ಊರಿಂದ ಬಂದ ಬುತ್ತಿ ಬಿಚ್ಚಿದರೆ ‘ನಂದಾತು’ ಅಂದು ಹೊರಗೆ ಹೋಗುತ್ತೇನೆ. ರಾತ್ರಿ ಎರಡರವರೆಗೆ ಮೊಬೈಲಿನಲ್ಲಿ ಅಡುಗೆ ವಿಡಿಯೋ ನೋಡುತ್ತೇನೆ, ಬಿಡಲು ಆಗುತ್ತಿಲ್ಲ. ನನಗೆ ಮಾನಸಿಕ ಕಾಯಿಲೆಯೇ?
– ಹೆಸರು ಬೇಡ, ಧಾರವಾಡ

ಉತ್ತರ: ತಮ್ಮಾ, ನಿನ್ನ ಪತ್ರದಲ್ಲಿ ನನಗೆ ಮೊದಲು ಕಂಡದ್ದು ಹಸಿವು. ಆ ವಿಡಿಯೋಗಳ ವಿಷಯದಿಂದಲೇ ಶುರು ಮಾಡುತ್ತೇನೆ. ನಿನ್ನನ್ನು ಜಾಸ್ತಿ ಹೆದರಿಸಿದ್ದು ಅದೇ ಅಲ್ವಾ?

1944ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಶುರು ಮಾಡಿದರು. ಯುದ್ಧದಲ್ಲಿ ಹಸಿದವರಿಗೆ ಮತ್ತೆ ಹೇಗೆ ಉಣಿಸಬೇಕು ಎಂದು ತಿಳಿಯಬೇಕಿತ್ತು. 36 ಜನ ಆರೋಗ್ಯವಂತ ಯುವಕರು ತಾವಾಗಿಯೇ ಮುಂದೆ ಬಂದರು. ಅವರಿಗೆ 24 ವಾರ ಅರೆಹೊಟ್ಟೆ ಊಟ. ಏನಾಯಿತು ಗೊತ್ತಾ? ನೀನು ಬರೆದದ್ದೇ ಆಯಿತು. ಸಿಟ್ಟು, ಬೇಸರ, ಜನರೇ ಬೇಡ ಅನ್ನಿಸುವುದು, ಓದಲು ಕೂತರೆ ಮನಸ್ಸು ನಿಲ್ಲದಿರುವುದು. ಮೊದಲು ಅಡುಗೆಯ ಗೊಡವೆಯೇ ಇಲ್ಲದ ಗಂಡುಮಕ್ಕಳು ಅಡುಗೆ ಪುಸ್ತಕ ಗುಡ್ಡೆ ಹಾಕಿಕೊಂಡು ಓದುತ್ತಾ ಕೂತರು. ಅವರ ಕೈಯಲ್ಲಿ ಪುಸ್ತಕವಿತ್ತು, ನಿನ್ನ ಕೈಯಲ್ಲಿ ಮೊಬೈಲ್ ಇದೆ. ಊಟ ಹೆಚ್ಚಿದ ಮೇಲೆ ಅವರು ಸರಿಹೋದರು. ಒಂದೇ ವಾರಕ್ಕೆ ಅಲ್ಲ, ನಿಧಾನವಾಗಿ. ನಿನಗೂ ಸ್ವಲ್ಪ ಸಮಯ ಹಿಡಿಯಬಹುದು. ಅದಕ್ಕೆ ಗಾಬರಿಯಾಗಬೇಡ.

ನಮ್ಮ ಅಪ್ಪ 1940ರ ದಶಕದಲ್ಲಿ ಇದೇ ಧಾರವಾಡದಲ್ಲಿ ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಶನಿವಾರಕ್ಕೆ ಮನೆ ಸಿಕ್ಕಿರಲಿಲ್ಲ. ಆ ದಿನ ಧೋತರ ಬಿಗಿಯಾಗಿ ಸುತ್ತಿಕೊಂಡು, ಬಾವಿಯ ನೀರು ಕುಡಿದು ಸಾಲೆಗೆ ಹೋಗುತ್ತಿದ್ದರಂತೆ. ಇದನ್ನು ಅವರು ನಮಗೆಲ್ಲ ಎಷ್ಟೋ ಸಲ ಹೇಳಿದ್ದಾರೆ. ಹೇಳುವಾಗ ಒಂದು ದಿನವೂ ದನಿ ತಗ್ಗಿಸಲಿಲ್ಲ. ವಾರಾನ್ನದ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ, ಅದನ್ನೂ ಹೇಳಬೇಕು. ಮುರುಘಾಮಠದ ಪ್ರಸಾದ ನಿಲಯದಂಥ ಕಡೆ ಉಂಡು ಓದಿದವರೂ ಈ ಊರಲ್ಲಿ ಬಹಳ ಜನ. ಇಲ್ಲಿ ಹಸಿದು ಓದಿದವರಲ್ಲಿ ನೀನು ಮೊದಲನೆಯವನಲ್ಲ. ಆದರೆ ಅವರ ಹಸಿವು ನಾಲ್ಕು ಜನರಿಗೆ ಗೊತ್ತಿತ್ತು. ನಿನ್ನದು ಯಾರಿಗೂ ಗೊತ್ತಿಲ್ಲ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ನಮ್ಮ ಸರಕಾರಿ ಶಾಲೆಗಳಲ್ಲಿ ಹತ್ತನೇ ತರಗತಿವರೆಗೆ ಬಿಸಿಯೂಟ ಇದೆ. ಹನ್ನೊಂದಕ್ಕೆ ಕಾಲಿಟ್ಟ ದಿನವೇ ಮಕ್ಕಳಿಗೆ ಹಸಿವು ನಿಂತುಹೋಗುತ್ತದೆಯೇ? ಮನೆ ಬಿಟ್ಟು ಬಂದು ಓದುವವರಿಗೆ ಮಧ್ಯಾಹ್ನದ ಒಂದು ಊಟ ಕಾಲೇಜಿನಲ್ಲೇ ಸಿಗಬೇಕು.

ಈಗ ನಿನ್ನ ಕೆಲಸ. ಹುಬ್ಬಳ್ಳಿ-ಧಾರವಾಡದಲ್ಲಿ ಇಂದಿರಾ ಕ್ಯಾಂಟೀನ್ ಇದೆ. ಶುರುವಾದಾಗಿನ ದರ ನಾಷ್ಟಾಕ್ಕೆ 5 ರೂಪಾಯಿ, ಊಟಕ್ಕೆ 10. ಚುರುಮುರಿ ದುಡ್ಡಿನಲ್ಲೇ ಅದು ಆಗುತ್ತದೆ. ಹಾಸ್ಟೆಲ್ ಸಿಗದವರಿಗೆಂದೇ ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾಸಿರಿ ಯೋಜನೆ ಇದೆ. 2013ರಲ್ಲಿ ಬಂದಾಗ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುತ್ತಿದ್ದರು. ನಿನ್ನ ಜಾತಿ-ಆದಾಯ ಪ್ರಮಾಣಪತ್ರ ಹಿಡಿದು ಇಲಾಖೆಯ ಕಚೇರಿಗೆ ನೀನೇ ಹೋಗಿ ಕೇಳು. ಅಲ್ಲಿವರೆಗೆ ಖಾನಾವಳಿಯವರಿಗೆ ‘ಒಂದು ಹೊತ್ತಿಂದು ಉದ್ರಿ ಬರಕೊಳ್ರಿ’ ಅಂತ ಕೇಳಿ ನೋಡು.

ಬರೀ ಚಹಾ ಕುಡಿದು ಹಸಿವು ಮುಚ್ಚಬೇಡ, ನಿದ್ದೆಯೂ ಕೆಡುತ್ತದೆ. ಒಂದು ಹಿಡಿ ನೆನೆಸಿದ ಕಡಲೆಯೋ ಶೇಂಗಾವೋ ತಿನ್ನು. ಊಟ ಸರಿಯಾದ ಮೇಲೂ ಮನಸ್ಸು ಹೀಗೇ ಇದ್ದರೆ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಧಾರವಾಡದಲ್ಲೇ ಇದೆ, ಹೋಗಿ ತೋರಿಸು. ಬದುಕೇ ಬೇಡ ಅಂತ ಯಾವತ್ತಾದರೂ ಅನ್ನಿಸಿದರೆ ಬೆಳಗಾಗುವವರೆಗೆ ಕಾಯಬೇಡ. 14416ಕ್ಕೆ ಆಗಲೇ ಫೋನ್ ಮಾಡು. ಅದು ಟೆಲಿ ಮಾನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಿನ್ನ ಅವ್ವ. ದಿನಾ ಫೋನಿನಲ್ಲಿ ‘ಊಟಾತೇನೋ’ ಅಂತ ಕೇಳುತ್ತಿರಬೇಕು, ನೀನು ‘ಆತವ್ವಾ’ ಅನ್ನುತ್ತಿರಬೇಕು. ಗೆಳೆಯನ ಬುತ್ತಿ ಬರುವ ಹಾಗೆ ನಿನ್ನದೂ ಬಸ್ಸಿನಲ್ಲಿ ಬರಬಹುದಲ್ಲಾ. ಅವರ ಹತ್ತಿರ ದುಡ್ಡು ಇರಲಿಕ್ಕಿಲ್ಲ, ಮನೆಯಲ್ಲಿ ಜೋಳ ಇರುತ್ತದೆ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಇವತ್ತು ಫೋನ್ ಬಂದಾಗ ‘ಇಲ್ಲವ್ವಾ, ಆಗಿಲ್ಲ’ ಅನ್ನು. ಇಪ್ಪತ್ತು ರೊಟ್ಟಿ, ಜೊತೆಗೆ ಗುರೆಳ್ಳು ಚಟ್ನಿ ಕೇಳು. ಗೆಳೆಯನಿಗೂ ಆಗುವಷ್ಟು ಕೇಳು.