ಜಿಂಕೆಯ ಬಿಲ್ಲುಬೇಟೆಗೆ ಯಾವ ಬ್ರಾಡ್‌ಹೆಡ್ ಒಳ್ಳೆಯದು?

ಅಮೆರಿಕದ ಮಿಷಿಗನ್‌ನಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಪರವಾನಗಿ ಪಡೆದಿರುವ ನೀವು 45 ಪೌಂಡ್ ಸೆಳೆತದ ಕಾಂಪೌಂಡ್ ಬಿಲ್ಲಿಗೆ (ತುದಿಗಳಲ್ಲಿ ರಾಟೆಗಳಿರುವ ಬಿಲ್ಲು) ಎಂಥ ಬ್ರಾಡ್‌ಹೆಡ್, ಅಂದರೆ ಬೇಟೆಯ ಬಾಣಕ್ಕೆ ಹಾಕುವ ಹರಿತ ಅಲಗಿನ ಮೊನೆ, ಹೊಂದುತ್ತದೆ ಎಂದು ಕೇಳಿದ್ದೀರಿ. ನಾನಾದರೆ ಸ್ಥಿರ ಅಲಗಿನದನ್ನೇ, ಅಂದರೆ ಅಲಗು ಮಡಚಿಕೊಳ್ಳದೆ ಸದಾ ಹೊರಗೇ ಇರುವುದನ್ನೇ, ಆರಿಸುತ್ತೇನೆ.

ಬಾಣವು ಬಂದೂಕಿನ ಗುಂಡಿನಂತೆ ಆಘಾತದಿಂದ ಕೊಲ್ಲುವುದಿಲ್ಲ, ರಕ್ತಸ್ರಾವದಿಂದ ಕೊಲ್ಲುತ್ತದೆ. ಎರಡೂ ಶ್ವಾಸಕೋಶಗಳನ್ನು ಸೀಳಿ ಆಚೆ ಬದಿಯಿಂದ ಹೊರಬಂದರೆ ಪ್ರಾಣಿ ಬೇಗ ಬೀಳುತ್ತದೆ, ನೆತ್ತರಿನ ಜಾಡೂ ಸ್ಪಷ್ಟವಾಗಿ ಸಿಗುತ್ತದೆ. ತಗುಲಿದಾಗ ಬಿಚ್ಚಿಕೊಳ್ಳುವ ಅಲಗುಗಳು ಅಗಲವಾದ ಗಾಯ ಮಾಡುತ್ತವೆ, ನಿಜ. ಆದರೆ ಬಿಚ್ಚಿಕೊಳ್ಳುವುದಕ್ಕೇ ಬಾಣದ ಶಕ್ತಿಯ ಒಂದು ಪಾಲು ಹೋಗುತ್ತದೆ. 60–70 ಪೌಂಡಿನ ಬಿಲ್ಲಿಗೆ ಆ ನಷ್ಟ ದೊಡ್ಡದಲ್ಲ, ನಿಮ್ಮ ಬಿಲ್ಲಿಗೆ ದೊಡ್ಡದು. ತುದಿಯಿಂದಲೇ ಕೊಯ್ಯುತ್ತಾ ಹೋಗುವ ಎರಡು ಅಲಗಿನ ಮೊನೆ ಕಡಿಮೆ ಬಲದಲ್ಲೂ ಆಳಕ್ಕಿಳಿಯುತ್ತದೆ.

ಮಿಷಿಗನ್ ನಿಯಮದಂತೆ ಮೊನೆಯ ಅಗಲ 7/8 ಇಂಚಿಗಿಂತ ಕಡಿಮೆ ಇರಬಾರದು. ತೂಕ 100 ಅಥವಾ 125 ಗ್ರೇನ್ (ಬಾಣದ ಮೊನೆಯನ್ನು ತೂಗುವ ಸಣ್ಣ ಮಾನ) ಇರಲಿ. ಅಭ್ಯಾಸದ ಮೊನೆಯೂ ಅಷ್ಟೇ ತೂಗಬೇಕು. ಆದರೂ ಸ್ಥಿರ ಅಲಗಿಗೆ ಗಾಳಿಯ ಸೆಳೆತ ಹೆಚ್ಚು. ಆದ್ದರಿಂದ ಬೇಟೆಗೆ ಮುನ್ನ ಅದೇ ಮೊನೆಗಳಿಂದ ಗುರಿಯಿಟ್ಟು ನೋಡಿ. ಬಾಣ ಓಲಾಡಿದರೆ ಮೊದಲು ಬಿಲ್ಲನ್ನು ಸರಿಹೊಂದಿಸಿ.

ಹರಿತದ ವಿಷಯದಲ್ಲಿ ದಯವಿಟ್ಟು ರಾಜಿಯಾಗಬೇಡಿ. ಅಭ್ಯಾಸದಲ್ಲಿ ಮೊಂಡಾದ ಅಲಗನ್ನು ಮತ್ತೆ ಮಸೆಯದೆ ಕಾಡಿಗೆ ಒಯ್ಯುವುದು ಆ ಜೀವಕ್ಕೆ ಮಾಡುವ ಅನ್ಯಾಯ. ಜಿಂಕೆ ಪೂರ್ತಿ ಮಗ್ಗುಲಾಗಿ ನಿಲ್ಲುವವರೆಗೆ ಬಾಣ ಬಿಡಬೇಡಿ.

ಇದನ್ನು ಊರಿನಲ್ಲಿ ಓದುತ್ತಿರುವವರಿಗೆ: ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ.