ಓದುಗರ ಸಂದೇಹ: ಮನೆಯ ವೈನ್, ಮನೆಯ ಬಿಯರ್

ವರ್ಷವಿಡೀ ಮೊಸರು ಲೋಳೆಯಾಯಿತು, ಇಡ್ಲಿ ಹಿಟ್ಟು ಉಬ್ಬಲಿಲ್ಲ ಎಂದು ಬರೆಯುವವರು ನವೆಂಬರ್ ಬಂತೆಂದರೆ ವೈನ್ ಭರಣಿಯತ್ತ ಹೊರಳುತ್ತಾರೆ. ಮಂಗಳೂರಿನ ಕ್ರೈಸ್ತರ ಮನೆಯಲ್ಲಿ ಹುಟ್ಟಿ, ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ನನಗೆ ಇದು ಇಷ್ಟದ ವಿಷಯ. ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಅತ್ತೆಯ ಲೆಕ್ಕದಂತೆ 2 ಕಿಲೋ ಕಪ್ಪು ದ್ರಾಕ್ಷಿ, 2 ಕಿಲೋ ಸಕ್ಕರೆ, ಕುದಿಸಿ ಆರಿಸಿದ 2 ಲೀಟರ್ ನೀರು, ಒಂದು ಹಿಡಿ ಗೋಧಿ, ಒಂದು ಚಮಚ ಈಸ್ಟ್ ಹಾಕಿದೆ. ಸರಿಯಾಗಿ 21 ದಿನಕ್ಕೆ ಸೋಸಿದರೆ ಬರೀ ಪಾನಕ! ಇನ್ನಷ್ಟು ಈಸ್ಟ್ ಹಾಕಲೇ?
– ಗೃಹಿಣಿ, ಮೂಡುಬಿದಿರೆ

ಬೇಡಮ್ಮಾ. ನಿಮ್ಮ ಭರಣಿಯಲ್ಲಿ ಈಸ್ಟಿಗೆ ಕೊರತೆಯಿಲ್ಲ, ಸಕ್ಕರೆ ವಿಪರೀತವಾಗಿದೆ. ಒಂದು ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಕರಗಿದ್ದು ಪೂರ್ತಿ ಹುದುಗಿದರೆ ಶೇ 1ರಷ್ಟು ಮದ್ಯಸಾರವಾಗುತ್ತದೆ. ಶೇ 12ರ ವೈನಿಗೆ ಲೀಟರಿಗೆ 200 ಗ್ರಾಂ ಸುತ್ತಮುತ್ತ ಸಾಕು. ದ್ರಾಕ್ಷಿಯದ್ದೂ ಸೇರಿದರೆ ನಿಮ್ಮಲ್ಲಿ ಲೀಟರಿಗೆ 450 ಗ್ರಾಂ ದಾಟಿದೆ. ಉಪ್ಪಿಗೆ ಹಾಕಿದ ಮಾವಿನಮಿಡಿ ನೀರು ಬಿಟ್ಟು ಸುಕ್ಕಾಗುತ್ತದಲ್ಲ, ಅಂಥ ಪಾಕದಲ್ಲಿ ಈಸ್ಟಿನ ಕೋಶಗಳ ಪಾಡೂ ಅದೇ. ಸ್ವಲ್ಪ ದಿನ ನೊರೆ ಎಬ್ಬಿಸಿ ಸುಸ್ತಾಗುತ್ತವೆ.

ಅತ್ತೆಯವರನ್ನು ದೂರಬೇಡಿ. ನಮಗೆ ಸಿಗುವ ಬೆಂಗಳೂರು ನೀಲಿ ದ್ರಾಕ್ಷಿಗೆ ಹುಳಿ ಜಾಸ್ತಿ. ಆ ಹುಳಿ ಮುರಿಯಲೆಂದೇ ಹಿರಿಯರು ನೀರು ಸೇರಿಸಿದರು, ನೀರಿಗಾಗಿ ಸಕ್ಕರೆ ಸೇರಿಸಿದರು. ಸಿಹಿ ವೈನೇ ಹಬ್ಬದ ವೈನ್ ಎಂಬ ರುಚಿ ಬೇರೆ. ಮುಂದಿನ ಸಲ ಇದೇ ಅಳತೆಯ ದ್ರಾಕ್ಷಿ, ನೀರಿಗೆ ಅರ್ಧ ಕಿಲೋ, ಹೆಚ್ಚೆಂದರೆ 600 ಗ್ರಾಂ ಸಕ್ಕರೆ ಹಾಕಿ. ಸಿಹಿ ಬೇಕಿದ್ದರೆ ಕುಡಿಯುವ ಹೊತ್ತಿಗೆ ಬೆರೆಸಿಕೊಳ್ಳಿ. ಸಿಹಿ ಬೆರೆಸಿದ್ದನ್ನು ಬಿಗಿಯಾಗಿ ಮುಚ್ಚಿ ಹೊರಗಿಟ್ಟರೆ ಮತ್ತೆ ಹುದುಗಿ ಬಾಟಲಿ ಸಿಡಿಯುವುದುಂಟು, ಫ್ರಿಜ್ಜಿನಲ್ಲಿಡಿ. ಗೋಧಿ ಹಾಕದಿದ್ದರೂ ವೈನ್ ಆಗುತ್ತದೆ. ಹಾಕುವುದಾದರೆ ಮುಗ್ಗಲು ಹಿಡಿದದ್ದು ಬೇಡ.

ಈಗಿನ ಪಾನಕವನ್ನು ಚೆಲ್ಲಬೇಡಿ. ಬೇರೆ ಪಾತ್ರೆಯಲ್ಲಿ ದ್ರಾಕ್ಷಿ ಜಜ್ಜಿ, ಸಕ್ಕರೆಯಿಲ್ಲದೆ, ಈಸ್ಟ್ ಹಾಕಿ ಒಂದೆರಡು ದಿನ ಬಿಡಿ. ಅದು ಜೋರಾಗಿ ನೊರೆ ಎಬ್ಬಿಸಿದಾಗ ಈ ಸಿಹಿಯನ್ನು ದಿನಕ್ಕೆ ಒಂದೊಂದು ಲೋಟದಂತೆ ಸುರಿಯುತ್ತಾ ಹೋಗಿ. ಒಮ್ಮೆಲೇ ಸುರಿದರೆ ಹಳೆ ಕಥೆಯೇ.

ಇನ್ನು 21 ದಿನದ ಮಾತು. ಕೆಲವರ ಮನೆಯಲ್ಲಿ 21, ಕೆಲವರಲ್ಲಿ 40. ಈಸ್ಟಿಗೆ ಯಾವುದೂ ಗೊತ್ತಿಲ್ಲ. ಗುಳ್ಳೆ ನಿಂತಿದೆಯೇ, ಮೇಲಿನಿಂದ ತಿಳಿಯಾಗುತ್ತಾ ಬಂದಿದೆಯೇ, ನಾಲಗೆಗೆ ಸಿಹಿ ಹತ್ತುತ್ತದೆಯೇ ನೋಡಿ. ಹವ್ಯಾಸ ಬೆಳೆಸುವ ಮನಸ್ಸಿದ್ದರೆ, ರಸ ನೀರಿಗಿಂತ ಎಷ್ಟು ದಟ್ಟ ಎಂದು ತೋರಿಸುವ ಹೈಡ್ರೋಮೀಟರ್ ಕೊಳ್ಳಿ. ಶುರುವಿನಲ್ಲಿ 1.085–1.090 ತೋರಿಸುವ ರಸ ಮುಗಿಯುವಾಗ 1.000ಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಹಾಲಿನ ಡೇರಿಯ ಲ್ಯಾಕ್ಟೋಮೀಟರ್ ಆಗದೇ ಎಂದು ಕೇಳುವವರಿದ್ದಾರೆ. ಅದರ ಗೆರೆಗಳು 1.040ರ ಹತ್ತಿರವೇ ಮುಗಿಯುತ್ತವೆ.

ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ 40 ದಿನ ಅಟ್ಟದಲ್ಲಿಟ್ಟಿದ್ದೆ. ತೆರೆದರೆ ಮೇಲೆ ತೆಳ್ಳಗೆ ಬಿಳಿ ಪೊರೆ, ಮೂಗಿಗೆ ಹೊಡೆಯುವ ಹುಳಿ. ದ್ರಾಕ್ಷಿಯೇ ಕೆಟ್ಟದ್ದಿತ್ತೇ?
– ಶಾಲಾ ಶಿಕ್ಷಕ, ಶಿರಸಿ

ದ್ರಾಕ್ಷಿಯ ತಪ್ಪಲ್ಲ ಮಾಸ್ತರೇ, ಗಾಳಿಯದ್ದು. ಮದ್ಯಸಾರವನ್ನು ವಿನೆಗರ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕೇ ಬೇಕು. ಬಟ್ಟೆ ಕಟ್ಟಿದ ಅಗಲ ಬಾಯಿಯ ಭರಣಿ ಅವಕ್ಕೆ ಹೇಳಿ ಮಾಡಿಸಿದ ಜಾಗ. ಹಣ್ಣಿನ ಸುತ್ತ ಹಾರುವ ಪುಟ್ಟ ನೊಣಗಳು ಅವನ್ನು ಕಾಲಲ್ಲಿ ಹೊತ್ತು ತರುತ್ತವೆ. ಒಂದು ನೊಣ ನುಸುಳಿದರೂ ಸಾಕು.

ಬಟ್ಟೆ ಮೊದಲ ನಾಲ್ಕೈದು ದಿನಕ್ಕೆ ಮಾತ್ರ. ಆಗ ಸಿಪ್ಪೆಯೆಲ್ಲ ಮೇಲಕ್ಕೆದ್ದು ದಪ್ಪ ಮುಚ್ಚಳದಂತೆ ನಿಲ್ಲುತ್ತದೆ. ಕುದಿನೀರಲ್ಲಿ ಅದ್ದಿದ ಮರದ ಸೌಟಿನಿಂದ ದಿನಕ್ಕೆರಡು ಸಲ ಅದನ್ನು ಒಳಕ್ಕೆ ಒತ್ತಿ. ಒತ್ತಿದಾಗ ಸುಯ್ಯೆಂದು ಗಾಳಿ ಹೊರಡಬೇಕು. ನೊರೆಯ ಆರ್ಭಟ ಇಳಿದ ಮೇಲೆ ಸೋಸಿ, ಕಿರಿದಾದ ಬಾಯಿಯ ಗಾಜಿನ ಜಾಡಿಗೆ ಕತ್ತಿನವರೆಗೂ ತುಂಬಿಸಿ. ಮುಚ್ಚಳಕ್ಕೆ ತೂತು ಕೊರೆದು ಮೆಡಿಕಲ್ ಅಂಗಡಿಯಲ್ಲಿ ಸಿಗುವ ಡ್ರಿಪ್ ನಳಿಕೆ ತೂರಿಸಿ, ಸಂದಿಗೆ ಮೇಣ ಮೆತ್ತಿ, ನಳಿಕೆಯ ಇನ್ನೊಂದು ತುದಿಯನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿಡಿ. ಒಳಗಿನ ಅನಿಲ ಗುಳುಗುಳು ಹೊರಬೀಳುತ್ತದೆ, ಹೊರಗಿನ ಗಾಳಿ ಒಳಗೆ ಹೋಗುವುದಿಲ್ಲ. ತಳದಲ್ಲಿ ಗಷ್ಟು ಕೂತಂತೆ ಮೇಲಿನ ತಿಳಿಯನ್ನಷ್ಟೇ ನಳಿಕೆಯಿಂದ ಇನ್ನೊಂದು ಜಾಡಿಗೆ ಇಳಿಸಿ. ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಹತ್ತಿರ ತರಬೇಡಿ, ಹುಳಿಗೆ ಲೋಹ ಬಿಡುತ್ತದೆ. ಅಟ್ಟವೂ ಬೇಡ, ಸೆಕೆ. ಮನೆಯ ಅತಿ ತಂಪಾದ ಕತ್ತಲ ಮೂಲೆ ಹುಡುಕಿ.

ಈಗಿರುವುದು ನೈಲ್ ಪಾಲಿಷ್ ಅಳಿಸುವ ದ್ರವದಂತೆ ನಾರುತ್ತಿದ್ದರೆ ಚೆಲ್ಲಿ. ಬರೀ ಹುಳಿ ಇದ್ದರೆ ಪೂರ್ತಿ ವಿನೆಗರ್ ಆಗಲು ಬಿಡಿ. ನಮ್ಮ ಮನೆಯಲ್ಲಾದರೆ ಅದು ಹಂದಿ ಮಾಂಸದ ಇಂದಾದಿಗೆ ಹೋಗುತ್ತಿತ್ತು. ನಿಮ್ಮಲ್ಲಿ ಸೌತೆಕಾಯಿ ಈರುಳ್ಳಿಗೆ ಚಿಮುಕಿಸಿಕೊಳ್ಳಿ.

ಕಳ್ಳಬಟ್ಟಿ ಕುಡಿದು ಸತ್ತವರ ಸುದ್ದಿ ಓದಿ ಭಯ. ಮನೆಯ ವೈನಿನಲ್ಲೂ ಆ ವಿಷ ಇರಬಹುದೇ?
– ಓದುಗ, ದಾವಣಗೆರೆ

1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಮಿಥೈಲ್ ಆಲ್ಕೊಹಾಲ್ ಬೆರೆತ ಸಾರಾಯಿ. ಅದು ಕೈಗಾರಿಕೆಗೆ ಬಳಸುವ ದ್ರವ, ಲಾಭಕ್ಕಾಗಿ ಬೆರೆಸುತ್ತಾರೆ. ಹಣ್ಣು ಹುದುಗುವಾಗ ಅದರಲ್ಲಿನ ಅಂಟು ಪದಾರ್ಥವಾದ ಪೆಕ್ಟಿನ್‌ನಿಂದಲೂ ಅತಿ ಸಣ್ಣ ಪ್ರಮಾಣದಲ್ಲಿ ಇದು ಹುಟ್ಟುತ್ತದೆ, ಅಂಗಡಿಯ ವೈನಿನಲ್ಲೂ ಇರುತ್ತದೆ. ಅಷ್ಟರಿಂದ ಅಪಾಯವಿಲ್ಲ. ಆದರೆ ಒಂದು ಮಾತು: ಯಾವ ಕಾರಣಕ್ಕೂ ಬಟ್ಟಿ ಇಳಿಸಲು ಹೋಗಬೇಡಿ, ಕುತೂಹಲಕ್ಕೂ ಬೇಡ. ಹಸಿರು, ಕಪ್ಪು ಬೂಸ್ಟು ಬಂದದ್ದನ್ನು ರುಚಿ ನೋಡದೆ ಚೆಲ್ಲಿ.

ಚರ್ಚಿನ ಫೆಸ್ಟ್‌ಗೆ ಹತ್ತು ಬಾಟಲಿ ಮಾರಬಹುದೇ?
– ಸ್ವಸಹಾಯ ಗುಂಪಿನ ಸದಸ್ಯೆ, ಬೆಳ್ತಂಗಡಿ

ಇಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಮಾರುವುದಕ್ಕಷ್ಟೇ ಅಲ್ಲ, ತಯಾರಿಸುವುದಕ್ಕೂ ಪರವಾನಗಿಯ ಮಾತಿದೆ. ಭರಣಿ ತೊಳೆಯುವ ಮೊದಲು ತಾಲ್ಲೂಕಿನ ಅಬಕಾರಿ ಕಚೇರಿಯಲ್ಲಿ ವಿಚಾರಿಸಿ. ಇದು ಮೇಲೆ ಬರೆದ ಎಲ್ಲರಿಗೂ. ಮಡಿಕೇರಿಯ ಅಂಗಡಿಗಳಲ್ಲಿ 'ಹೋಂ ಮೇಡ್ ವೈನ್' ಬೋರ್ಡು ಕಂಡಿದ್ದೇನೆ ಎಂದು ವಾದ ಹೂಡಬೇಡಿ.

ಅಮೆರಿಕದಲ್ಲಿರುವ ಮಗ ಗ್ಯಾರೇಜಿನಲ್ಲಿ ಬಿಯರ್ ಮಾಡುತ್ತಾನಂತೆ. ಅಲ್ಲಿ ಕಾನೂನು ಒಪ್ಪುತ್ತದೆಯೇ? ರಾಗಿ ಮಾಲ್ಟ್ ಕಳಿಸಿ ಎನ್ನುತ್ತಿದ್ದಾನೆ, ಅದರಿಂದ ಬಿಯರ್ ಆಗುತ್ತದೆಯೇ?
– ನಿವೃತ್ತ ಬ್ಯಾಂಕ್ ನೌಕರ, ಮಂಡ್ಯ

ನಿಶ್ಚಿಂತೆಯಾಗಿರಿ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಒಬ್ಬ ವಯಸ್ಕ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್ ಬಿಯರನ್ನು ತೆರಿಗೆಯಿಲ್ಲದೆ ಮನೆಯಲ್ಲಿ ಮಾಡಬಹುದು. ಇಬ್ಬರು ವಯಸ್ಕರಿರುವ ಮನೆಗೆ ಅದರ ಎರಡರಷ್ಟು. ಮಾರುವಂತಿಲ್ಲ. ರಾಜ್ಯಗಳಿಗೆ ತಮ್ಮದೇ ನಿಯಮವಿದೆ. ಅಲಬಾಮಾ, ಮಿಸಿಸಿಪ್ಪಿ 2013ರಲ್ಲಷ್ಟೇ ಒಪ್ಪಿದವು.

ರಾಗಿಯ ಪ್ರಶ್ನೆ ಸ್ವಾರಸ್ಯದ್ದು. ದ್ರಾಕ್ಷಿಯಲ್ಲಿ ಸಕ್ಕರೆ ಸಿದ್ಧವಾಗಿರುತ್ತದೆ, ಧಾನ್ಯದಲ್ಲಿರುವುದು ಪಿಷ್ಟ. ಅದನ್ನು ಸಕ್ಕರೆಯಾಗಿ ಒಡೆಯುವ ಕಿಣ್ವ ಹುಟ್ಟುವುದು ಮೊಳಕೆ ಬಂದಾಗ. ಮೊಳಕೆ ಕಾಳನ್ನು ಮೆಲ್ಲಗೆ ಒಣಗಿಸಿ ಒಡೆದು, 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಸಪ್ಪೆ ಗಂಜಿ ಸಿಹಿಯಾಗುತ್ತದೆ. ಆಮೇಲೆ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಜೊತೆ ಕುದಿಸಿ, ಆರಿಸಿ, ಈಸ್ಟ್ ಹಾಕುವುದು. ನಮ್ಮ ಅಂಗಡಿಯ ರಾಗಿ ಮಾಲ್ಟನ್ನು ಘಮ ಬರುವಂತೆ ಹುರಿದಿರುತ್ತಾರೆ, ಆ ಬಿಸಿಗೆ ಕಿಣ್ವ ಸತ್ತಿರುತ್ತದೆ. ಅದೊಂದರಿಂದಲೇ ಬಿಯರ್ ಆಗದು. ಬಾರ್ಲಿ ಮಾಲ್ಟ್ ಮುಕ್ಕಾಲು ಪಾಲು ಇಟ್ಟುಕೊಂಡು ಉಳಿದದ್ದು ರಾಗಿ ಸೇರಿಸಲಿ. ಬಾರ್ಲಿಯ ಕಿಣ್ವವೇ ರಾಗಿಯ ಪಿಷ್ಟವನ್ನೂ ಒಡೆಯುತ್ತದೆ. ಬಾರ್ಲಿಯ ಹೊಟ್ಟು ಇದ್ದರೆ ಸೋಸುವುದೂ ಸುಲಭ, ಬರೀ ರಾಗಿ ಅಂಟಂಟಾಗಿ ಜರಡಿ ಕಟ್ಟಿಕೊಳ್ಳುತ್ತದೆ.

ರಾಗಿ ಬಿಯರ್ ಹೊಸದೇನಲ್ಲ. ನೇಪಾಳ, ಸಿಕ್ಕಿಂಗಳಲ್ಲಿ ಹುದುಗಿಸಿದ ರಾಗಿಯ ಮೇಲೆ ಬಿಸಿನೀರು ಸುರಿದು ಬಿದಿರ ಕೊಳವೆಯಿಂದ ಹೀರುವ ತೋಂಗ್ಬಾ ಇದೆ. ಉಗಾಂಡದಲ್ಲಿ ಒಂದೇ ಮಡಕೆಯ ಸುತ್ತ ಕೂತು ಉದ್ದುದ್ದ ಕೊಳವೆಗಳಿಂದ ಕುಡಿಯುತ್ತಾರೆ. ಮುದ್ದೆಯ ಊರಿನವರು ನಾವು ಮಾತ್ರ ಈ ದಾರಿಗೆ ಅಷ್ಟಾಗಿ ಹೋದಂತಿಲ್ಲ.

ಮಡಿಕೇರಿಯಲ್ಲಿ ವೀಳ್ಯದೆಲೆ ವೈನ್ ಕೊಂಡೆ. ಎಲೆಯಲ್ಲಿ ಹುದುಗಲು ಏನಿದೆ?
– ಓದುಗಿ, ಹಾಸನ

ಏನೂ ಇಲ್ಲ. ಹುದುಗುವುದು ಸಕ್ಕರೆ ನೀರು, ಎಲೆ ಕೊಡುವುದು ಘಾಟು ಮತ್ತು ಘಮ. ಶುಂಠಿ, ಗಾಂಧಾರಿ ಮೆಣಸಿನ ವೈನುಗಳೂ ಹೀಗೆಯೇ. ಮೆಣಸಿನದ್ದನ್ನು ಕುಡಿಯುವ ಮೊದಲು ಪಕ್ಕದಲ್ಲಿ ಮೊಸರಿಟ್ಟುಕೊಳ್ಳಿ.